ನಾಲ್ಕು ದಿನದ ‘ರೀ’

ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಊರವರೆಲ್ಲ ಹೇಳುತ್ತಿದ್ದರು. ಸುಳ್ಳು. ನನ್ನ ಸಿಟ್ಟು ಇದ್ದದ್ದು ನಾಲಿಗೆಯ ತುದಿಯಲ್ಲಿ. ಮೂಗಿನ ಮೇಲಿದ್ದಿದ್ದರೆ ಕರವಸ್ತ್ರ ತೆಗೆದು ಒರೆಸಿಕೊಂಡು ಹಾಯಾಗಿ ಇರುತ್ತಿದ್ದೆ. ಆ ಸಿಟ್ಟಿನಿಂದಲೇ ಒಂದು ಸಲ ನನಗೆ ಬರಬೇಕಾದ ಬಡ್ತಿ ತಪ್ಪಿತು. ಇನ್ನೊಂದು ಸಲ ತಪ್ಪುವುದರಲ್ಲಿತ್ತು. ಆ ಎರಡನೆಯ ಸಲದ ನಾಲ್ಕು ದಿನಗಳನ್ನು ನೆನೆಸಿಕೊಂಡರೆ ಈಗಲೂ ಒಬ್ಬನೇ ಕೂತು ನಗುತ್ತೇನೆ. ಮನೆಯವರು ಇಣುಕಿ ನೋಡಿ ಹೋಗುತ್ತಾರೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಒಂದು ಭಾರಿ ಟೀ ಕಂಪನಿಯಲ್ಲಿ ಸೇಲ್ಸ್‌ಮನ್. ಕಂಪನಿ ಎಷ್ಟು ದೊಡ್ಡದೆಂದರೆ ಅದರ ಮಾಲೀಕರು ಯಾರೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಸೇಲ್ಸ್‌ಮನ್ ಮೇಲೆ ಡಿಪೋ ಇನ್‌ಚಾರ್ಜ್, ಅವರ ಮೇಲೆ ಏರಿಯಾ ಆಫೀಸರ್, ಅವರ ಮೇಲೆ ಯಾರೋ ಮ್ಯಾನೇಜರ್, ಅದಕ್ಕೂ ಮೇಲೆ ಮೋಡ. ಆ ಮೋಡದಿಂದ ಆಗಾಗ ಇಂಗ್ಲಿಷಿನ ಕಾಗದಗಳು ಉದುರುತ್ತಿದ್ದವು. ನಾವು ಅವನ್ನು ಭಕ್ತಿಯಿಂದ ಫೈಲಿಗೆ ಸೇರಿಸುತ್ತಿದ್ದೆವು.

ನನ್ನ ಮನೆ ಚನ್ನಗಿರಿ. ಸೋಮವಾರ ಬೆಳಿಗ್ಗೆ ಕಂಪನಿಯ ಹಸಿರು ವ್ಯಾನ್ ಹತ್ತಿದರೆ ಬಸವಾಪಟ್ಟಣ, ಹೊನ್ನಾಳಿ, ನ್ಯಾಮತಿ, ಆಮೇಲೆ ದಾವಣಗೆರೆ ದಾಟಿ ಜಗಳೂರು, ನಡುವಿನ ಹಳ್ಳಿಗಳು, ಎಲ್ಲ ಸುತ್ತಿ ಶನಿವಾರ ಸಾಯಂಕಾಲ ಮನೆಗೆ. ವ್ಯಾನಿನ ತುಂಬ ಟೀ ಪೆಟ್ಟಿಗೆ. ನನ್ನ ಜೊತೆಗೆ ಒಬ್ಬ ಡ್ರೈವರ್, ಹಸನ್ಮುಖಿ ಮನುಷ್ಯ, ಎಂಥ ಗುಂಡಿಯಲ್ಲಿ ಗಾಡಿ ಇಳಿದರೂ ‘ಏನೂ ಆಗಂಗಿಲ್ಲ ಬಿಡ್ರಿ’ ಎನ್ನುವವನು.

ಟೀ ಪುಡಿ ಪಕ್ಕದಲ್ಲಿದ್ದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಸೋಪಿನ ಜೊತೆ ಇಟ್ಟರೆ ಸೋಪಿನ ಟೀ, ಊದಿನಕಡ್ಡಿಯ ಜೊತೆ ಇಟ್ಟರೆ ಪೂಜೆಯ ಟೀ. ಇದನ್ನು ನಾನು ನೂರು ಅಂಗಡಿಯಲ್ಲಿ ಸಾವಿರ ಸಲ ಹೇಳಿದ್ದೆ. ಹೇಳಿದ್ದೆ ಎನ್ನುವುದು ಮರ್ಯಾದೆಯ ಮಾತು. ಕೂಗಿದ್ದೆ, ಬೈದಿದ್ದೆ, ಪ್ಯಾಕೆಟ್ಟುಗಳನ್ನು ನಾನೇ ಕಿತ್ತು ಬೇರೆ ಕಡೆ ಇಟ್ಟಿದ್ದೆ. ‘ಲೇ, ನಿನಗೆ ಮೂಗು ಇರಾದು ಕನ್ನಡಕ ಹಾಕ್ಕಣಾಕೆ ಅಷ್ಟೇ ಏನೋ?’ ಎಂದು ಹೊನ್ನಾಳಿಯ ಒಬ್ಬ ಅಂಗಡಿಯವನಿಗೆ ಹತ್ತು ಗಿರಾಕಿಗಳ ಎದುರಿಗೆ ಕೇಳಿದ್ದೆ. ಅವನು ಹಲ್ಲು ಕಿರಿದು, ‘ಹೆಂಗೂ ಬಂದೀಯ, ನೀನೇ ತೆಗೆದು ಆ ಕಡೆ ಇಡು’ ಅಂದಿದ್ದ. ನಮ್ಮಿಬ್ಬರ ಮಟ್ಟಿಗೆ ಅದು ‘ಚೆನ್ನಾಗಿದ್ದೀಯಾ?’ ಎಂದು ಕೇಳಿದ ಹಾಗೆ.

ಆದರೆ ಅವತ್ತು ನನ್ನ ಪಕ್ಕದಲ್ಲಿ ಕಂಪನಿಯ ಆಫೀಸರೊಬ್ಬರು ನಿಂತಿದ್ದರು. ನಮ್ಮ ಕಂಪನಿಯಲ್ಲಿ ಬಡ್ತಿಗೆ ಪರೀಕ್ಷೆ ಇರಲಿಲ್ಲ. ಒಬ್ಬ ಆಫೀಸರ್ ಬಂದು ನಾಲ್ಕು ದಿನ ನಮ್ಮ ಜೊತೆಗೆ ಅಂಗಡಿ ಅಂಗಡಿ ತಿರುಗಿ, ಒಂದು ಫಾರಂ ತುಂಬಿ ಮೇಲಕ್ಕೆ ಕಳಿಸುತ್ತಿದ್ದರು. ಅಷ್ಟೇ. ಫಾರಂನಲ್ಲಿ ಕೆಲಸ, ಪ್ರಾಮಾಣಿಕತೆ, ಅಂಗಡಿಯವರೊಂದಿಗಿನ ಸಂಬಂಧ ಎಂದು ಸಾಲು ಸಾಲು ಕಾಲಂಗಳು. ಕೊನೆಯದು ‘ಸ್ವಭಾವ’. ಆ ಆಫೀಸರ್ ನನ್ನ ಸ್ವಭಾವದ ಎದುರಿಗೆ ‘ಈತ ನಮ್ಮ ಟೀಗಿಂತ ಬಿಸಿ’ ಎಂದು ಬರೆದು ಕಳಿಸಿದರಂತೆ. ಗುಟ್ಟಿನ ಫಾರಂ ಅದು. ಆದರೆ ಡಿಪೋದ ಟೈಪಿಸ್ಟ್‌ಗೆ ಗುಟ್ಟು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲವಾದ್ದರಿಂದ ನನಗೂ ತಿಳಿಯಿತು. ನನಗಿಂತ ಮೂರು ವರ್ಷ ಕಿರಿಯನೊಬ್ಬ ಇನ್‌ಚಾರ್ಜ್ ಆದ. ನಾನು ಎರಡು ದಿನ ಉರಿದುಕೊಂಡು, ಮೂರನೆಯ ದಿನ ವ್ಯಾನ್ ಹತ್ತಿದೆ.

ಅದಾಗಿ ಎರಡು ವರ್ಷಕ್ಕೆ ಮೋಡದಿಂದ ಇನ್ನೊಂದು ಕಾಗದ ಉದುರಿತು. ಚನ್ನಗಿರಿಯಲ್ಲೇ ಹೊಸ ಡಿಪೋ ತೆರೆಯುತ್ತಾರೆ, ಅದಕ್ಕೊಬ್ಬ ಇನ್‌ಚಾರ್ಜ್ ಬೇಕು. ಮುಂದಿನ ವಾರವೇ ಆಫೀಸರ್ ನನ್ನ ಜೊತೆಗೆ ನಾಲ್ಕು ದಿನ ತಿರುಗಲು ಬರುತ್ತಾರೆ.

ಈ ಬಡ್ತಿ ನನಗೆ ಬೇಕೇ ಬೇಕಿತ್ತು. ಕುರ್ಚಿಯ ಆಸೆಯಿಂದಲ್ಲ. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಶನಿವಾರ ಸಾಯಂಕಾಲ ನಾನು ಬಾಗಿಲಿಗೆ ಬಂದರೆ ಅವಳು ಅವರಮ್ಮನ ಸೆರಗಿನ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಒಂದಿಷ್ಟು ಸಲಿಗೆಯಾಗಿ ಹತ್ತಿರ ಬರುವಳು. ಸೋಮವಾರ ನಾನು ಹೊರಡುವೆ. ಮುಂದಿನ ಶನಿವಾರ ಮತ್ತೆ ಮೊದಲಿಂದ ಶುರು. ಒಂದು ಸಲ ಬಾಗಿಲು ತೆರೆದವಳು ನನ್ನನ್ನು ನೋಡಿ ಒಳಗೆ ಓಡಿ, ‘ಅಮ್ಮಾ, ಟೀ ಮಾಮ ಬಂದಾರೆ’ ಎಂದು ಕೂಗಿದಳು. ನನ್ನ ಹೆಂಡತಿ ನಕ್ಕಳು, ನಾನೂ ನಕ್ಕೆ. ಕೈಕಾಲು ತೊಳೆಯಲು ಬಚ್ಚಲಿಗೆ ಹೋದವನು ಅಲ್ಲಿ ಸ್ವಲ್ಪ ಹೊತ್ತು ಹೆಚ್ಚೇ ನಿಂತೆ. ಚನ್ನಗಿರಿಯ ಡಿಪೋ ಸಿಕ್ಕರೆ ದಿನವೂ ಸಾಯಂಕಾಲ ಆರಕ್ಕೆ ಮನೆ. ನನಗೆ ಬೇಕಾಗಿದ್ದದ್ದು ಆ ಆರು ಗಂಟೆ.

ಉಪಾಯ ಹೇಳಿಕೊಟ್ಟವಳು ಹೆಂಡತಿ. ‘ನಾಲ್ಕು ದಿನ ಎಲ್ರಿಗೂ ರೀ ಅನ್ರಿ. ಎಳೇ ಕೂಸು ಬಂದ್ರೂ ರೀ ಅನ್ರಿ. ರೀ ಅಂದ ಬಾಯಾಗೆ ಬೈಯಾಕೆ ಬರಂಗಿಲ್ಲ.’

ಎಲಾ ಇವಳ! ನಿಜ ಮಾತು. ನಾನು ಬೈದು ನೋಡಿದೆ. ‘ಲೇ ಕತ್ತೆ’ ಎನ್ನುವುದು ನಾಲಿಗೆಯಿಂದ ತಾನಾಗಿ ಜಾರುತ್ತದೆ. ‘ರೀ ಕತ್ತೆಯವರೇ’ ಎಂದರೆ ಸ್ವಾಗತ ಭಾಷಣದಂತೆ ಕೇಳಿಸುತ್ತದೆ. ಅವತ್ತೇ ಅಭ್ಯಾಸ ಶುರುಮಾಡಿದೆ. ಪಕ್ಕದ ಮನೆಯ ಹಸು ದಿನಾ ನಮ್ಮ ಹಿತ್ತಿಲಿಗೆ ನುಗ್ಗಿ ಬಸಳೆ ಮೇಯುತ್ತಿತ್ತು. ಅದರ ಎದುರಿಗೆ ಕೈಮುಗಿದು ನಿಂತು, ‘ದಯವಿಟ್ಟು ಆ ಕಡೆ ಹೋಗ್ರಿ’ ಎಂದೆ. ಹಸು ಬಸಳೆ ಬಿಡಲಿಲ್ಲ. ಆದರೆ ನನಗೆ ಸಿಟ್ಟೂ ಬರಲಿಲ್ಲ. ಹೆಂಡತಿ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಆಫೀಸರ್ ಬಂದರು. ಹಿಂದಿನ ಸಲದವರಲ್ಲ, ಬೇರೆಯವರು. ಕರಾವಳಿಯವರು, ಬಿಳಿ ಅಂಗಿ, ಕಂಕುಳಲ್ಲಿ ಒಂದು ನೋಟ್‌ಬುಕ್. ಮಾತು ಕಡಿಮೆ. ಆಡಿದರೆ ಪುಸ್ತಕದಿಂದ ಓದಿದಂಥ ಕನ್ನಡ. ‘ನೀವು ನಿಮ್ಮ ಪಾಡಿಗೆ ಕೆಲಸ ಮಾಡಿ ಮಾರಾಯ್ರೆ. ನಾನು ಇಲ್ಲ ಅಂತಲೇ ತಿಳಿದುಕೊಳ್ಳಿ’ ಎಂದು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತರು. ಕೂತು ನೋಟ್‌ಬುಕ್ ತೆರೆದರು. ಇಲ್ಲ ಅಂತ ತಿಳಿದುಕೊಳ್ಳುವುದು ಹೇಗೆ?

ಮೊದಲ ದಿನ, ಮಂಗಳವಾರ, ಚನ್ನಗಿರಿ ಪೇಟೆ. ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯವನು ನನ್ನ ಜೊತೆಗೆ ಒಂದೇ ಬೆಂಚಿನಲ್ಲಿ ಕೂತು ಮೇಷ್ಟ್ರ ಹತ್ತಿರ ಒಟ್ಟಿಗೆ ಪೆಟ್ಟು ತಿಂದವನು. ಅವನ ಗಲ್ಲಾದ ಎದುರಿಗೆ ನಿಂತು, ‘ನಮಸ್ಕಾರ ರೀ. ಹೆಂಗಿದ್ದೀರಿ? ಈ ವಾರ ಎಷ್ಟು ಪೆಟ್ಟಿಗೆ ಬೇಕಾಗ್ತವೆ ತಮಗೆ?’ ಎಂದೆ.

ಅವನು ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

‘ಯಾವ ನಾಟಕದ ಪಾರ್ಟಲೇ ಇದು?’ ಎಂದ.

‘ಪಾರ್ಟಲ್ಲ ರೀ. ತಮ್ಮ ಆರ್ಡರ್ ಹೇಳಿದ್ರೆ ಬರ್ಕಂತೀನಿ.’

ಅವನಿಗೆ ನಗು ತಡೆಯಲಾಗಲಿಲ್ಲ. ಪಕ್ಕದ ದರ್ಜಿಯನ್ನೂ ಎದುರಿನ ಬಾಳೆಹಣ್ಣಿನವಳನ್ನೂ ಕರೆದು, ‘ಬರ್ರಿ ಬರ್ರಿ, ಇವನು ನನಗೆ ತಾವು ಅಂತಾನೆ, ಕೇಳ್ರಿ’ ಎಂದು ನನ್ನಿಂದ ಮತ್ತೆ ಮತ್ತೆ ‘ರೀ’ ಅನ್ನಿಸಿದ. ನಾನು ಹಲ್ಲು ಕಚ್ಚಿಕೊಂಡು ಅನ್ನುತ್ತ ಹೋದೆ. ಆಫೀಸರ್ ಏನೋ ಬರೆದುಕೊಂಡರು. ಮೊದಲ ದಿನ ಪಾಸಾದೆ ಎಂದುಕೊಂಡೆ.

ಎರಡನೆಯ ದಿನ ಹೊನ್ನಾಳಿ. ಅದೇ ಕನ್ನಡಕದ ಅಂಗಡಿಯವನ ಎದುರಿಗೆ ನಿಂತಾಗ ಮೊದಲು ಕಣ್ಣಿಗೆ ಬಿದ್ದದ್ದೇ ಸೋಪು. ಬಟ್ಟೆ ಸೋಪಿನ ಬಾರುಗಳ ಸಾಲು, ಅದರ ಮೇಲೆ ನಮ್ಮ ಟೀ ಪ್ಯಾಕೆಟ್ಟುಗಳು ಮಲಗಿದ್ದವು. ನನ್ನ ಕಿವಿ ಬಿಸಿಯಾಯಿತು. ಆರು ಗಂಟೆ, ಆರು ಗಂಟೆ ಎಂದು ಮನಸ್ಸಿನಲ್ಲೇ ಜಪ ಮಾಡಿದೆ.

‘ರೀ, ತಪ್ಪು ತಿಳ್ಕಬ್ಯಾಡ್ರಿ. ಆ ಪ್ಯಾಕೆಟ್ ಸ್ವಲ್ಪ ಬೇರೆ ಕಡೆ ಇಟ್ರೆ ಅನುಕೂಲ ಆಗ್ತೈತೆ.’

ಅವನ ಮುಖದ ಮೇಲಿದ್ದ ನಗು ಹಾಗೇ ಆರಿತು. ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ತಕ್ಕಡಿ ಒರೆಸಲು ಶುರುಮಾಡಿದ. ಒರೆಸಿದ್ದನ್ನೇ ಒರೆಸಿದ.

‘ಆತು ರೀ’ ಎಂದ, ನನ್ನ ಕಡೆ ನೋಡದೆ. ‘ಇಡ್ತೀವಿ. ಈ ಸಲ ಮಾಲು ಬ್ಯಾಡ್ರಿ ನಮಗೆ. ಇರಾದೇ ಐತೆ.’

ಏಳು ವರ್ಷದಲ್ಲಿ ಅವನು ‘ಬ್ಯಾಡ’ ಅಂದದ್ದು ಅದೇ ಮೊದಲು. ನನಗೆ ತಲೆಬುಡ ತಿಳಿಯಲಿಲ್ಲ. ನಾನು ಬೈದಾಗ ಎರಡು ಪೆಟ್ಟಿಗೆ ಹೆಚ್ಚು ಇಳಿಸಿಕೊಳ್ಳುತ್ತಿದ್ದವನು ಕೈಮುಗಿದಾಗ ಮುಖ ತಿರುಗಿಸಿದ. ಹೊನ್ನಾಳಿ ಪೇಟೆಯಲ್ಲಿ ಅವತ್ತು ಎಲ್ಲ ಕಡೆಯೂ ಹೆಚ್ಚೂಕಮ್ಮಿ ಇದೇ ಪಾಡು. ಸಾಯಂಕಾಲ ವ್ಯಾನಿನ ಪೆಟ್ಟಿಗೆಗಳು ಅರ್ಧವೂ ಇಳಿದಿರಲಿಲ್ಲ.

ಆಫೀಸರನ್ನು ಪ್ರವಾಸಿ ಮಂದಿರದಲ್ಲಿ ಬಿಟ್ಟು ಬಂದ ಮೇಲೆ ಡ್ರೈವರ್ ಬಾಯಿಬಿಟ್ಟ. ‘ಏನ್ ಕೆಲ್ಸ ಮಾಡಿದ್ರಿ ನೀವು? ನಮ್ಮ ಕಡೆ ಅಣ್ಣತಮ್ಮ ಜಗಳಾಡಿ ಬ್ಯಾರೆ ಆದ್ಮ್ಯಾಗೆ ಒಬ್ರಿಗೊಬ್ರು ರೀ ಅಂತಾರೆ. ಇಷ್ಟು ವರ್ಷ ಲೇ ಅಂದು, ಈಗ ರೀ ಅಂದ್ರೆ, ನಿನ್ನ ನನ್ನ ಸಂಬಂಧ ಮುಗೀತು ಅಂದಂಗೆ ಅಲ್ಲೇನ್ರಿ?’

ಇವನು ಹೇಳಿದ್ದು ಸರಿ. ನನ್ನ ದೊಡ್ಡಪ್ಪನೂ ಅಪ್ಪನೂ ಪಾಲಾದ ಮೇಲೆ ‘ಬರ್ರಿ, ಕೂಡ್ರಿ’ ಎಂದೇ ಮಾತಾಡುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಗುರುತಿಲ್ಲದವರಿಗೆ ‘ರೀ’ ಮರ್ಯಾದೆ. ನಮ್ಮವರಿಗೆ ಹೇಳಿದರೆ ಅದು ಬಾಗಿಲು ಹಾಕಿಕೊಂಡಂತೆ. ನಾನು ಹೋಗಿ ಊರ ತುಂಬ ಬಾಗಿಲು ಹಾಕಿ ಬಂದಿದ್ದೆ. ಆದರೆ ಮಾಡುವುದೇನು? ‘ರೀ’ ಬಿಟ್ಟರೆ ಬೈಗುಳ, ಬೈಗುಳ ಬಂದರೆ ಫಾರಂ, ಫಾರಂ ಕೆಟ್ಟರೆ ಮಗಳಿಗೆ ನಾನು ಟೀ ಮಾಮ. ಇನ್ನೆರಡು ದಿನ ತಾನೆ, ಹೇಗೋ ತಳ್ಳಿಬಿಡುತ್ತೇನೆ ಎಂದೆ. ಡ್ರೈವರ್ ಮೊದಲ ಸಲ ‘ಏನೂ ಆಗಂಗಿಲ್ಲ ಬಿಡ್ರಿ’ ಅನ್ನಲಿಲ್ಲ.

ಮೂರನೆಯ ದಿನ ನ್ಯಾಮತಿ. ಆಗ ಅದು ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ. ಈಗ ಅದೇ ತಾಲ್ಲೂಕು ಕೇಂದ್ರ. ಅದಕ್ಕೂ ಬಡ್ತಿ ಸಿಗಲು ನನಗಿಂತ ಹೆಚ್ಚು ವರ್ಷ ಹಿಡಿಯಿತು. ಅಲ್ಲಿನ ಅಂಗಡಿಯ ಯಜಮಾನರು ನನ್ನ ತಂದೆಯ ವಯಸ್ಸಿನವರು. ಅವರನ್ನು ನಾನು ‘ಕಾಕಾ’ ಅನ್ನುತ್ತಿದ್ದೆ, ಕಾಕಾ ಎಂದೇ ಬೈಯುತ್ತಿದ್ದೆ. ಅವತ್ತು ಊದಿನಕಡ್ಡಿಯ ಕಟ್ಟಿನ ಕೆಳಗೆ ನಮ್ಮ ಪ್ಯಾಕೆಟ್ಟುಗಳನ್ನು ಕಂಡೂ, ‘ಯಜಮಾನ್ರೇ, ತಮಗೆ ಪುರುಸೊತ್ತಾದಾಗ ಅದನ್ನೊಂಚೂರು ನೋಡ್ರಿ’ ಎಂದೆ.

ಅವರು ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದರು.

‘ಜ್ವರ ಐತೇನಪ್ಪಾ? ಮನೆಯಾಗೆ ಎಲ್ರೂ ಹುಷಾರದಾರ?’

‘ಎಲ್ಲ ಆರಾಮ ರೀ.’

‘ಸುಳ್ ಹೇಳ್ಬ್ಯಾಡ. ಮಾರಿ ಸಪ್ಪಗಾಗೈತೆ. ನಿನ್ನ ಬಾಯಿ ಹಿಂಗೆ ಸುಮ್ಕಿರಾದಲ್ಲ.’ ಅವರು ಒಳಗೆ ಹೋಗಿ, ಶುಂಠಿ ಮೆಣಸು ಕುದಿಸಿದ ಕಷಾಯ ಒಂದು ಲೋಟ ತಂದು ನನ್ನ ಕೈಗೆ ಕೊಟ್ಟರು. ‘ಕುಡಿ. ಆ ಟೀ ಗೀ ಬಿಟ್ಟುಬಿಡು, ಅದೇ ನಿನ್ನ ಪಿತ್ತ ಕೆರಳ್ಸಿರಾದು.’

ಅಯ್ಯೋ ಶಿವನೇ! ಟೀ ಕಂಪನಿಯ ಆಫೀಸರ ಎದುರಿಗೆ, ಟೀ ಕಂಪನಿಯ ಸೇಲ್ಸ್‌ಮನ್, ಟೀ ಬಿಡು ಎಂದು ಹೇಳಿಸಿಕೊಂಡು ನಿಂತು ಕಷಾಯ ಕುಡಿದೆ. ಪೂರ್ತಿ ಕುಡಿಯುವವರೆಗೂ ಅವರು ಎದುರಿಗಿಂದ ಕದಲಲಿಲ್ಲ. ಆಫೀಸರ್ ಕೆಮ್ಮು ಬಂದವರಂತೆ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಗೆ ಹೋದರು. ನೋಟ್‌ಬುಕ್ಕಿನಲ್ಲಿ ಬರೆದದ್ದೂ ಕಂಡಿತು, ಉದ್ದವಾಗಿ ಬರೆದರು. ನ್ಯಾಮತಿಯಲ್ಲಿ ಇಳಿದದ್ದು ಒಂದೇ ಒಂದು ಪೆಟ್ಟಿಗೆ. ಅದೂ ಕರುಣೆಯಿಂದ.

ನಾಲ್ಕನೆಯ ದಿನ ಜಗಳೂರಿಗೆ ಹೋಗುವ ದಾರಿಯುದ್ದಕ್ಕೂ ನಾನು ಲೆಕ್ಕಾಚಾರ ಹಾಕುತ್ತಿದ್ದೆ. ಸಿಟ್ಟು ಬರಲಿಲ್ಲ, ಸರಿ. ಆದರೆ ಮಾಲೇ ಮಾರದ ಸೇಲ್ಸ್‌ಮನ್‌ಗೆ ಯಾವ ಕಂಪನಿ ಬಡ್ತಿ ಕೊಡುತ್ತದೆ? ಬೈದರೂ ಕೆಟ್ಟೆ, ಬೈಯದಿದ್ದರೂ ಕೆಟ್ಟೆ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಆಫೀಸರ್ ಕಿಟಕಿಯಾಚೆ ನೋಡುತ್ತ, ‘ಇಲ್ಲಿ ಜನ ಟೀ ಜಾಸ್ತಿ ಕುಡಿಯುತ್ತಾರಾ?’ ಎಂದರು. ‘ಹೌದು ಸರ್’ ಎಂದೆ. ಮೊದಲ ದಿನ ವ್ಯಾನ್ ಹತ್ತಿದ ಮೇಲೆ ನಾವು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಜಗಳೂರಿನಲ್ಲಿ ನನ್ನ ಮುಖ್ಯ ಗಿರಾಕಿ ಒಬ್ಬ ಅವ್ವ. ಅರವತ್ತು ದಾಟಿದ ವಯಸ್ಸು, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಅಂಗಡಿ ನಡೆಸಿಕೊಂಡು ಬಂದವಳು. ಬೆಲ್ಲ, ಬೀಡಿ, ಟೀ ಪುಡಿಯಿಂದ ಹಿಡಿದು ಸೀಮೆಎಣ್ಣೆವರೆಗೆ ಎಲ್ಲ ಇಟ್ಟಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಊಟ ಸಿಗದೆ ಒದ್ದಾಡುವುದನ್ನು ನೋಡಿ ರೊಟ್ಟಿ ಬಡಿದು ಕೊಟ್ಟಿದ್ದಳು. ಅಂದಿನಿಂದ ನಾನು ಅವಳಿಗೆ ‘ಟೀಯಪ್ಪ’, ಅವಳು ನನಗೆ ‘ಯವ್ವಾ’. ಆ ಅಂಗಡಿಯಲ್ಲಿ ನಾವಿಬ್ಬರೂ ಕೂಗಾಡುವುದನ್ನು ಕೇಳಲೆಂದೇ ಎದುರಿನ ಕಟ್ಟೆಯಲ್ಲಿ ಜನ ಕೂರುತ್ತಿದ್ದರು.

ಅವತ್ತೂ ಕೂತಿದ್ದರು.

‘ಬಂದ್ಯಾ ಟೀಯಪ್ಪ? ಯಾರಪ್ಪಾ ಜೊತಿಗೆ, ಬಿಳೀ ಅಂಗಿ?’

‘ನಮಸ್ಕಾರ ಅಮ್ಮಾವ್ರೇ. ಇವ್ರು ನಮ್ಮ ಸಾಹೇಬ್ರು. ತಾವು ಹೆಂಗಿದ್ದೀರಿ?’

ಅವಳ ಕೈಯಲ್ಲಿದ್ದ ಬೆಲ್ಲದ ಅಚ್ಚು ಅಲ್ಲೇ ನಿಂತಿತು. ‘ಯಾರಿಗಂದಿ?’

‘ತಮಗೇ ರೀ.’

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಮೂಲೆಗೆ ಹೋಗಿ ಸೀಮೆಎಣ್ಣೆಯ ಡಬ್ಬಿಯನ್ನು ದರದರ ಎಳೆದು ತಂದು ನನ್ನ ಎದುರಿಗೇ ಇಟ್ಟಳು. ಅಲಮಾರಿನಿಂದ ಒಂದು ಟೀ ಪ್ಯಾಕೆಟ್ ತೆಗೆದು ಆ ಡಬ್ಬಿಯ ಮೇಲಿಟ್ಟಳು. ಇಟ್ಟು ನನ್ನ ಮುಖ ನೋಡಿದಳು.

‘ರೀ... ಅದು...’ ಎಂದೆ.

ಅವಳು ಎರಡನೆಯ ಪ್ಯಾಕೆಟ್ ಇಟ್ಟಳು. ಮೂರನೆಯದು ಇಟ್ಟಳು. ಕಟ್ಟೆಯಲ್ಲಿದ್ದವರು ಎದ್ದು ಹತ್ತಿರ ಬಂದರು. ನನ್ನ ಕತ್ತಿನ ನರ ಬಿಗಿಯಿತು. ಆರು ಗಂಟೆ, ಮಗಳು, ಆರು ಗಂಟೆ. ಅವಳು ಪ್ಯಾಕೆಟ್ಟುಗಳನ್ನು ಪಕ್ಕಕ್ಕೆ ಸರಿಸಿ ಡಬ್ಬಿಯ ಮುಚ್ಚಳ ತೆಗೆದಳು. ಸೀಮೆಎಣ್ಣೆ ಅಳೆಯುವ ಪಾವನ್ನು ಒಳಗೆ ಮುಳುಗಿಸಿ ತೆಗೆದು, ಎಣ್ಣೆ ತೊಟ್ಟಿಕ್ಕುತ್ತಿದ್ದ ಅದನ್ನು ಹಿಡಿದುಕೊಂಡೇ ನಾಲ್ಕನೆಯ ಪ್ಯಾಕೆಟ್ಟಿಗೆ ಕೈಹಾಕಿದಳು.

‘ಅಮ್ಮಾವ್ರೇ, ಹಂಗ್ ಮಾಡ್ಬ್ಯಾಡ್ರಿ... ನಿಮಗೆ... ನಿಮಗೆ ಬುದ್ಧಿ... ಏ ಯವ್ವಾ! ನಿನಗೆ ಬುದ್ಧಿ ಗಿದ್ಧಿ ಐತೋ ಇಲ್ಲೋ? ಏಳು ವರ್ಷದಿಂದ ಬಡ್ಕಂಡು ಬಡ್ಕಂಡು ನನ್ನ ಗಂಟ್ಲು ಹರೀತು! ಊರಿನ ಮಂದಿಗೆ ಟೀ ಕುಡಿಸ್ತೀಯೋ ಹೊಟ್ಟೆಯಾಗೆ ಲಾಟೀನು ಹಚ್ಚಿಸ್ತೀಯೋ? ಇಡು ಕೆಳಗೆ! ಮೊದ್ಲು ಆ ಸುಡುಗಾಡು ಪಾವು ಕೆಳಗಿಡು!’

ಮೂರು ದಿನದ ಸಿಟ್ಟು, ಬಡ್ಡಿ ಸಮೇತ ಹೊರಬಂತು. ಚನ್ನಗಿರಿಯದು, ಹೊನ್ನಾಳಿಯ ಸೋಪಿನದು, ನ್ಯಾಮತಿಯ ಕಷಾಯದ್ದು, ಎಲ್ಲ ಸೇರಿ ಆ ಸೀಮೆಎಣ್ಣೆಯ ಡಬ್ಬಿಯ ಮೇಲೆ ಬಿತ್ತು. ಎಷ್ಟು ಹೊತ್ತು ಕೂಗಿದೆನೋ ಗೊತ್ತಿಲ್ಲ. ನಿಲ್ಲಿಸಿದಾಗ ಕಟ್ಟೆಯವರು ಹೋ ಎಂದು ನಗುತ್ತಿದ್ದರು. ಅವ್ವ ಎರಡೂ ಕೈ ಬಡಿದಳು.

‘ಬಂದ ನೋಡ್ರಪ್ಪೋ, ನಮ್ಮ ಟೀಯಪ್ಪ ಈಗ ಬಂದ!’ ಎಂದವಳೇ ನನ್ನ ಕಡೆ ತಿರುಗಿದಳು. ‘ಲೇ, ನನಗೆ ರೀ ಅಂತೀಯೇನೋ? ನಾನೇನು ನಿನ್ನ ಬೀಗತಿಯೇನೋ? ನನ್ನಿಂದ ಏನ್ ತಪ್ಪಾತೋ, ಇವನು ಇನ್ಮ್ಯಾಗೆ ನನ್ನಂಗಡಿ ಮೆಟ್ಟಲು ಹತ್ತಂಗಿಲ್ವೇನೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು.’ ಅವಳ ಕಣ್ಣು ತುಂಬಿದ್ದವು. ಸೆರಗಿನಿಂದ ಒರೆಸಿಕೊಂಡು, ಡ್ರೈವರ್‌ಗೆ, ‘ಇಳಸಪ್ಪ ಮಾಲು, ಹೋದ ಸಲಕ್ಕಿಂತ ಎರಡು ಪೆಟ್ಟಿಗೆ ಹೆಚ್ಚೇ ಇಳಸು’ ಎಂದಳು.

ಆಗ ನನಗೆ ಆಫೀಸರ ನೆನಪಾಯಿತು. ತಿರುಗಿ ನೋಡಿದೆ. ಅವರು ಅಂಗಡಿಯ ಕಂಬಕ್ಕೆ ಒರಗಿ ಬರೆಯುತ್ತಿದ್ದರು. ಮುಗಿಯಿತು ಎಂದುಕೊಂಡೆ. ಮೂರೂ ಮುಕ್ಕಾಲು ದಿನ ಬಾಯಿಗೆ ಬೀಗ ಹಾಕಿಕೊಂಡು, ಕೊನೆಯ ಗಳಿಗೆಯಲ್ಲಿ ಎಲ್ಲ ಹಾಳು ಮಾಡಿಕೊಂಡೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆಫೀಸರ್ ಪೆನ್ನು ಮುಚ್ಚಿ ಅವ್ವನ ಹತ್ತಿರ ಹೋದರು. ‘ಅಮ್ಮ, ಇವರು ಎಲ್ಲರ ಎದುರಿಗೆ ಹೀಗೆ ಬೈದರೆ ನಿಮಗೆ ಬೇಸರ ಆಗುವುದಿಲ್ಲವಾ?’

‘ಬ್ಯಾಸ್ರ ಯಾಕ್ರಿ ಸಾಹೇಬ್ರೆ? ನನ್ನ ಅಂಗಡಿ ಟೀ ಚಲೋ ಇರ್ಲಿ ಅಂತ ತಾನೇ ಬೈಯಾದು? ಬ್ಯಾರೆ ಕಂಪನಿಯೋರೂ ಬರ್ತಾರೆ. ರೀ ಅಂತಾರೆ, ಕೈಮುಗೀತಾರೆ, ಹೋಗ್ತಾರೆ. ನನ್ನ ಪ್ಯಾಕೆಟ್ಟು ಎಲ್ಲೈತೆ ಅಂತ ಕಣ್ಣೆತ್ತೂ ನೋಡಂಗಿಲ್ಲ.’

ಆಫೀಸರ್ ತಲೆದೂಗಿದರು. ಅವಳು ಕೊಟ್ಟ ಟೀ ಕುಡಿದರು. ಸದ್ಯ, ಅದರಲ್ಲಿ ಸೀಮೆಎಣ್ಣೆಯ ವಾಸನೆ ಇರಲಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ಆಫೀಸರೇ ಮಾತು ಶುರುಮಾಡಿದರು. ‘ನಿಮ್ಮ ಫೈಲು ಓದಿ ಬಂದವ ನಾನು. ಮೂರು ದಿನ ನಿಮ್ಮನ್ನು ನೋಡಿ, ಫೈಲಿನಲ್ಲಿದ್ದವರು ಬೇರೆ, ವ್ಯಾನಿನಲ್ಲಿರುವವರು ಬೇರೆ ಅಂತ ನನಗೆ ಗುಮಾನಿ ಬಂದಿತ್ತು.’

‘ತಪ್ಪಾಯ್ತು ಸರ್.’

‘ಸಿಟ್ಟು ಉಂಟು ಅಂತ ಬರೆಯಲೇಬೇಕಾಗ್ತದೆ. ಸುಳ್ಳು ಬರೆಯಲಿಕ್ಕೆ ನನ್ನಿಂದ ಆಗುವುದಿಲ್ಲ.’

‘ಹೌದು ಸರ್.’

‘ಮತ್ತೆ, ನಾಳೆ ಶನಿವಾರ. ಊರಿಗೆ ಹೋಗುವ ಮೊದಲು ಒಂದು ಸಲ ಹೊನ್ನಾಳಿಗೆ ಹೋಗುವ. ಆ ಸೋಪಿನ ಅಂಗಡಿಯವರಿಗೆ ನೀವು ಸರಿಯಾಗಿ ಬೈಯುವುದನ್ನು ನನಗೆ ನೋಡ್ಲಿಕ್ಕುಂಟು.’

ಡ್ರೈವರ್ ಬ್ರೇಕ್ ಒತ್ತಿದ ರಭಸಕ್ಕೆ ನಾವೆಲ್ಲ ಮುಂದಕ್ಕೆ ಮುಗ್ಗರಿಸಿದೆವು. ‘ಏನೂ ಆಗಂಗಿಲ್ಲ ಬಿಡ್ರಿ’ ಎಂದ ಅವನು, ಬಾಯಿ ಕಿವಿಗೆ ಮುಟ್ಟುವಷ್ಟು ನಗುತ್ತ.

ಮರುದಿನ ಹೊನ್ನಾಳಿಯ ಅಂಗಡಿಯೆದುರು ವ್ಯಾನ್ ನಿಂತಾಗ ಅಂಗಡಿಯವನು ಮತ್ತೆ ತಕ್ಕಡಿ ಒರೆಸಲು ಶುರುಮಾಡಿದ. ನಾನು ಇಳಿದವನೇ, ‘ಲೇ, ಆ ತಕ್ಕಡಿ ಸವೆದು ಹೋಗ್ತೈತೆ, ಬಿಡು! ಮೊನ್ನೆಯಿಂದ ಆ ಸೋಪಿನ ಮ್ಯಾಗೇ ಐತಲ್ಲೋ ನನ್ನ ಟೀ! ನಿನ್ನ ಗಿರಾಕಿ ಟೀ ಕುಡೀಬೇಕೋ, ಟೀಯಾಗೆ ಬಟ್ಟೆ ಒಗೀಬೇಕೋ?’ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಅವನು ತಕ್ಕಡಿ ಬಿಟ್ಟು ನನ್ನನ್ನು ನೋಡಿದ. ಮುಖ ಅರಳಿತು. ‘ಥೂ ನಿನ್ನ! ಮೊನ್ನೆ ಏನ್ ದೆವ್ವ ಹಿಡಿದಿತ್ತೋ ನಿನಗೆ? ಮೂರು ದಿನದಿಂದ ನನಗೆ ಅನ್ನ ಸೇರಿಲ್ಲ’ ಎಂದು ಕೈಹಿಡಿದು ಒಳಗೆ ಎಳೆದುಕೊಂಡ. ನಾನು ಪ್ಯಾಕೆಟ್ಟುಗಳನ್ನು ಬೇರೆ ಕಡೆ ಇಟ್ಟೆ. ಅವನು ಪೆಟ್ಟಿಗೆ ಇಳಿಸಿಕೊಂಡ. ಆಫೀಸರ್ ಈ ಸಲ ನೋಟ್‌ಬುಕ್ಕನ್ನೇ ತೆಗೆಯಲಿಲ್ಲ. ಬಾಗಿಲಲ್ಲಿ ನಿಂತು ಮನಸಾರೆ ನಕ್ಕರು.

ಫಾರಂನಲ್ಲಿ ಏನು ಬರೆದರು ಎಂಬುದನ್ನು ಟೈಪಿಸ್ಟ್ ಈ ಸಲವೂ ಹೊಟ್ಟೆಯಲ್ಲಿಟ್ಟುಕೊಳ್ಳಲಿಲ್ಲ. ಸ್ವಭಾವದ ಎದುರಿಗೆ ಇದ್ದದ್ದು ಇಷ್ಟು: ‘ಸಿಟ್ಟು ಇದೆ. ಅಂಗಡಿಗಳಲ್ಲಿ ಅದಕ್ಕೆ ಒಳ್ಳೆಯ ಬೇಡಿಕೆ ಇದೆ.’ ಮೋಡದ ಮೇಲಿದ್ದವರು ಅದನ್ನು ಓದಿ ನಕ್ಕರೋ ತಲೆ ಕೆರೆದುಕೊಂಡರೋ ಕಾಣೆ. ತಿಂಗಳೊಪ್ಪತ್ತಿಗೆ ಕಾಗದ ಬಂತು. ಮೂರು ಸಲ ಓದಿದೆ. ಮೂರನೆಯ ಸಲಕ್ಕೆ ನನ್ನ ಹೆಂಡತಿಗೆ ಸಹನೆ ಮುಗಿದು, ‘ಏನೈತೆ ಹೇಳ್ರೀ!’ ಎಂದು ನನಗಿಂತ ಜೋರಾಗಿ ಕೂಗಿದಳು. ಹೇಳಿದೆ. ಅವಳು ಒಲೆಯ ಮೇಲಿನ ಹಾಲನ್ನು ಮರೆತಳು. ಹಾಲು ಉಕ್ಕಿ ಹರಿಯಿತು. ಇಬ್ಬರೂ ನೋಡುತ್ತ ನಿಂತೆವು.

ಚನ್ನಗಿರಿಯ ಡಿಪೋ ಎಂದರೆ ಒಂದು ಗೋದಾಮು, ಒಂದು ಮೇಜು, ಒಂದು ಫ್ಯಾನು. ಸಾಯಂಕಾಲ ಐದೂವರೆಗೆ ಬೀಗ ಹಾಕಿ ಸೈಕಲ್ ಹತ್ತಿದರೆ ಆರಕ್ಕೆ ಮನೆ. ಮೊದಲ ಕೆಲವು ದಿನ ಮಗಳು ನನ್ನನ್ನು ದೂರದಿಂದಲೇ ಪರೀಕ್ಷೆ ಮಾಡಿದಳು. ಮಂಗಳವಾರವೂ ಬಂದೆ, ಬುಧವಾರವೂ ಬಂದೆ. ಈ ಮನುಷ್ಯ ಹೋಗುವುದೇ ಇಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಗಿರಬೇಕು. ಆಮೇಲೆ ಸೈಕಲ್ ಗಂಟೆ ಕೇಳಿದರೆ ಜಗುಲಿಗೆ ಬರತೊಡಗಿದಳು. ಆಮೇಲೆ ಬೀದಿಯ ತಿರುವಿಗೇ ಬಂದು ನಿಲ್ಲತೊಡಗಿದಳು.

ಮೂರು ತಿಂಗಳಾಗಿರಬೇಕು. ಒಂದು ಸಾಯಂಕಾಲ ಗೋದಾಮಿನ ಬೀಗದ ಕೈ ಎಲ್ಲಿಟ್ಟೆನೋ ಮರೆತು, ಮನೆಯನ್ನೆಲ್ಲ ತಲೆಕೆಳಗು ಮಾಡಿ ಕೂಗಾಡುತ್ತಿದ್ದೆ. ‘ಈ ಮನೆಯಾಗೆ ಇಟ್ಟಿದ್ದು ಇಟ್ಟಲ್ಲಿ ಇರಾದೇ ಇಲ್ಲ’ ಎಂದು ಗೋಡೆ ಅದುರುವಂತೆ ಕಿರುಚಿದೆ. ಮಗಳು ಮೂಲೆಯಲ್ಲಿ ಗೊಂಬೆಗೆ ಹಳೆಯ ಟವೆಲ್ ಹೊದಿಸುತ್ತಿದ್ದಳು. ಎದ್ದು ಬಂದು, ಸೊಂಟದ ಮೇಲೆ ಕೈಯಿಟ್ಟು ನನ್ನ ಎದುರಿಗೇ ನಿಂತಳು.

‘ಏ ಅಪ್ಪಾ! ಸುಮ್ನೆ ಕೂತ್ಕಳೋ! ನನ್ನ ಕೂಸು ಮಲಗೈತೆ, ಕಣ್ ಕಾಣಲ್ಲೇನೋ ನಿನಗೆ?’

ಹೆಂಡತಿ ಅಡುಗೆಮನೆಯಿಂದ ಓಡಿ ಬಂದು, ‘ಅಪ್ಪಂಗೆ ಹಂಗೆಲ್ಲ ಅನ್ನಬಾರ್ದು’ ಎಂದು ಗದರಿಸಲು ಹೋದಳು. ನಾನು ಕೈ ಎತ್ತಿ ಅವಳನ್ನು ತಡೆದೆ. ಮಗಳು ಬೆರಳು ತೋರಿಸಿದ ಜಾಗದಲ್ಲಿ, ನ್ಯಾಯವಾಗಿ ಬೈಸಿಕೊಂಡವನ ಹಾಗೆ ಕೂತೆ. ಗೊಂಬೆ ಏಳುವವರೆಗೂ ಬಾಯಿ ತೆರೆಯಲಿಲ್ಲ.